ಹಳೆಯ ಎರ್ಗೋಡಾಕ್ಸ್‌ಗೆ ಹೊಸ ಕೇಬಲ್: ಎರಡು ವರ್ಷ ಬಳಸಿದ ಮೇಲೆ

ನನ್ನ ಎರ್ಗೋಡಾಕ್ಸ್ ಕೀಬೋರ್ಡನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಕೇಬಲ್ ಬದಲಾಯಿಸಿ ಎರಡು ವರ್ಷ ಆಯ್ತು. ದಿನಾ ಆರೇಳು ಗಂಟೆ ಟೈಪ್ ಮಾಡುತ್ತೇನೆ, ಇದುವರೆಗೆ ಒಮ್ಮೆಯೂ ಕೈಕೊಟ್ಟಿಲ್ಲ. ಆದರೆ ಸರಿಯಾದದ್ದು ಸಿಗುವ ತನಕ ಸಾಕಷ್ಟು ಅಲೆದೆ.

ಗೊತ್ತಿಲ್ಲದವರಿಗೆ: ಇದು ಎರಡು ಹೋಳಾಗಿರುವ ಕೀಬೋರ್ಡ್. ಯಾವ ಕೀ ಒತ್ತಿದರೆ ಏನು ಹೋಗಬೇಕು ಅನ್ನೋದನ್ನು ನಾವೇ ಬರೆದು ಅದರ ಚಿಪ್‌ಗೆ ಹಾಕಬಹುದು. ನಾನು ಕನ್ನಡ ಬರೆಯೋದು ಇನ್‌ಸ್ಕ್ರಿಪ್ಟ್ ಅನ್ನೋ ಕೀಲಿ ಜೋಡಣೆಯಲ್ಲಿ. ಅದರಲ್ಲಿ ಪ್ರತಿ ಒತ್ತಕ್ಷರಕ್ಕೂ ಡಿ ಕೀ ಬೇಕು. 'ಅಕ್ಕ' ಅನ್ನುವಾಗ ಎರಡು ಕ ನಡುವೆ ಒಂದು ಡಿ. ಆ ಡಿಯನ್ನು ಎಡ ಹೆಬ್ಬೆರಳಿನ ಕೆಳಗೆ ತಂದುಕೊಂಡಿದ್ದೇನೆ. ಬೆರಳಿಗೆ ಅದು ಎಷ್ಟು ಒಗ್ಗಿದೆ ಅಂದರೆ ಬೇರೆ ಕೀಬೋರ್ಡ್ ಮುಂದೆ ಕೂತರೆ ಸಾಲು ಸಾಲು ತಪ್ಪುತ್ತೇನೆ. ಹಾಗಾಗಿ ಇದನ್ನು ಬಿಡುವ ಮಾತೇ ಇರಲಿಲ್ಲ.

ಹಳೆಯ ಕೇಬಲ್ ಹೋದದ್ದು ಪಿನ್ನಿನ ಬುಡದಲ್ಲಿ. ಒಂದು ಕಡೆ ಬಗ್ಗಿಸಿ ಹಿಡಿದರೆ ಅಕ್ಷರ ಮೂಡುತ್ತಿತ್ತು, ಬಿಟ್ಟರೆ ಇಲ್ಲ. ಒಳಗಿರುವುದು ಆ ಚಿಪ್ ಕೂತಿರುವ ಟೀನ್ಸಿ 2.0 ಅನ್ನೋ ಪುಟ್ಟ ಬೋರ್ಡ್, ಅದಕ್ಕೆ ಬೇಕಾದದ್ದು ಮಿನಿ ಯುಎಸ್‌ಬಿ. ಅಂಗಡಿಗಳಲ್ಲಿ ಮಿನಿ ಕೇಳಿದರೆ ಮೈಕ್ರೋ ಕೊಡುತ್ತಾರೆ. ಅಗಲ ಎರಡೂ ಹೆಚ್ಚುಕಮ್ಮಿ ಒಂದೇ, ಸುಮಾರು 7 ಮಿ.ಮೀ. ದಪ್ಪ ನೋಡಿ: ಮಿನಿ 3 ಮಿ.ಮೀ., ಮೈಕ್ರೋ 2 ಮಿ.ಮೀ.ಗೂ ಕಮ್ಮಿ.

ಆನ್‌ಲೈನ್‌ನಲ್ಲಿ ತರಿಸಿದ ಮೊದಲ ಕೇಬಲ್ ಗಟ್ಟಿಯಾಗಿಯೇ ಕೂತಿತು. ಆದರೆ ಲ್ಯಾಪ್‌ಟಾಪ್‌ಗೆ ಕೀಬೋರ್ಡ್ ಕಾಣಲೇ ಇಲ್ಲ. ಕತ್ತರಿಸಿ ನೋಡಿದೆ. ಕೆಂಪು, ಕಪ್ಪು ಎರಡೇ ತಂತಿ. ಡೇಟಾ ಹೋಗುವ ಹಸಿರು, ಬಿಳಿ ತಂತಿಗಳೇ ಇಲ್ಲ. ಅದು ಸುಮ್ನೆ ಚಾರ್ಜಿಂಗ್‌ಗೆ ಮಾಡಿದ್ದು. ಮಾರುವ ಪುಟದಲ್ಲಿ ಈ ಒಂದು ಮಾತು ಬರೆದಿದ್ದರೆ ನನ್ನ ಒಂದು ವಾರ ಉಳಿಯುತ್ತಿತ್ತು.

ಕೊನೆಗೆ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋದೆ. ಒಂದು ಸಣ್ಣ ಅಂಗಡಿಯಲ್ಲಿ ಹಳೆ ಕ್ಯಾಮೆರಾ ಕೇಬಲ್‌ಗಳ ರಟ್ಟಿನ ಡಬ್ಬ ಇತ್ತು.

"ಅಣ್ಣಾ, ಇದರಲ್ಲಿ ಡೇಟಾ ಹೋಗುತ್ತಾ?"

"ನೀವೇ ನೋಡ್ಕೊಳ್ಳಿ ಸಾರ್" ಅಂದು ತಮ್ಮ ಕಾರ್ಡ್ ರೀಡರ್ ಕೊಟ್ಟರು. ಲ್ಯಾಪ್‌ಟಾಪ್‌ಗೆ ಚುಚ್ಚಿ ಒಂದು ಫೋಟೋ ಕಾಪಿ ಮಾಡಿದೆ, ಬಂತು. 120 ರೂಪಾಯಿ ಕೊಟ್ಟು ತಂದೆ. ಮನೆಗೆ ಬಂದು ಸಿಕ್ಕಿಸಿದರೆ ನನ್ನ ಕೀಗಳೆಲ್ಲ ಇಟ್ಟಲ್ಲೇ ಇದ್ದವು. ಬರೆದದ್ದು ಚಿಪ್‌ನಲ್ಲೇ ಉಳಿಯುತ್ತದೆ, ಕೇಬಲ್ ಬದಲಾದರೆ ಅಳಿಸಿಹೋಗೋದಿಲ್ಲ.

ಕುಂದು ಇಲ್ಲ ಅಂತೇನಲ್ಲ. ಕೇಬಲ್ ಸ್ವಲ್ಪ ಬಿರುಸು. ಮೊದಲ ತಿಂಗಳು ಕೀಬೋರ್ಡನ್ನೇ ಪಕ್ಕಕ್ಕೆ ಎಳೆಯುತ್ತಿತ್ತು. ಒಂದು ಗೇಣು ಸಡಿಲ ಬಿಟ್ಟು ಮೇಜಿನ ಅಂಚಿಗೆ ಕಟ್ಟಿದೆ, ಸರಿಹೋಯ್ತು. ನೀವೂ ಹೀಗೇ ಮಾಡಿ. ಎಳೆತಕ್ಕೆ ಬೋರ್ಡಿನ ಸಾಕೆಟ್ಟೇ ಕಿತ್ತು ಬಂದರೆ ಸೋಲ್ಡರಿಂಗ್ ಕೆಲಸ ಆಗುತ್ತೆ.

ಡಬ್ಬ ಸಿಗದಿದ್ದರೆ ಪ್ಲೇಸ್ಟೇಷನ್ 3 ಕಂಟ್ರೋಲರ್ ಜೊತೆ ಬರುತ್ತಿದ್ದ ಕೇಬಲ್ ಯಾರ ಮನೆಯಲ್ಲಾದರೂ ಇದೆಯಾ ಕೇಳಿ. ಅದೂ ಮಿನಿಯೇ, ಡೇಟಾನೂ ಹೋಗುತ್ತೆ.

ಇನ್ನು ಎರಡು ಹೋಳನ್ನು ಸೇರಿಸುವ ಕೇಬಲ್. ನೋಡಲು ಹಾಡು ಕೇಳುವ ಆಕ್ಸ್ ಕೇಬಲ್ ಥರಾನೇ ಇರುತ್ತೆ, ಆದರೆ ಪಿನ್ನಿನ ಮೇಲೆ ಮೂರು ಪಟ್ಟೆ ಇರಬೇಕು. ಎರಡೇ ಪಟ್ಟೆ ಇರೋದನ್ನು ಹಾಕಬೇಡಿ, ಎರಡು ಲೈನ್ ಒಂದಕ್ಕೊಂದು ತಾಗಿಬಿಡುತ್ತವೆ. ಅದರಲ್ಲಿ ಕರೆಂಟೂ ಹರಿಯುತ್ತೆ, ಹಾಗಾಗಿ ಹಾಕುವಾಗಲೂ ತೆಗೆಯುವಾಗಲೂ ಮೊದಲು ಯುಎಸ್‌ಬಿ ಕಿತ್ತುಬಿಡಿ.