ಖಾನಾಪುರದ ಕಾಡಂಚಿನಲ್ಲಿ ಉಪಗ್ರಹ ಮತ್ತು 4ಜಿ ಜೋಡಿ: ಮೂರು ಮಳೆಗಾಲಗಳ ಬಳಕೆಯ ನಂತರ

ಬೆಳಗಾವಿ ಜಿಲ್ಲೆಯ ಜಾಂಬೋಟಿಯಿಂದ ಕಣಕುಂಬಿಯತ್ತ ಹೋಗುವ ದಾರಿಯ ಊರೊಂದರಲ್ಲಿ ನಾನು ಆನ್‌ಲೈನ್ ಸೇವಾ ಕೇಂದ್ರ ನಡೆಸುತ್ತಿದ್ದೇನೆ. ಪಹಣಿ ತೆಗೆದುಕೊಡುವುದು, ಬೆಳೆ ವಿಮೆಯ ಅರ್ಜಿ ತುಂಬುವುದು, ಪಿಂಚಣಿ ಹಣ ಕೊಡುವುದು ನಿತ್ಯದ ಕೆಲಸ. ಒಂದೇ ಸಿಮ್ ನಂಬಿಕೊಂಡಿದ್ದಾಗ, ನೆಟ್ ಹೋದ ದಿನ ವಯಸ್ಸಾದವರು ಬರಿಗೈಯಲ್ಲಿ ಹಿಂದಿರುಗುವುದನ್ನು ನೋಡಲಾಗದೆ ಉಪಗ್ರಹದ ಮೂಲಕ ನೆಟ್ ಕೊಡುವ ವಿಸ್ಯಾಟ್ ಎಂಬ ಸಣ್ಣ ಡಿಶ್ ಹಾಕಿಸಿ, ಅದನ್ನೂ 4ಜಿ ಸಿಮ್ಮನ್ನೂ ಒಂದೇ ರೂಟರ್‌ಗೆ ಜೋಡಿಸಿದೆ.

ಗುಡ್ಡ ಅಡ್ಡ ಬಂದೀತೆಂಬ ಅಳುಕು ಸುಳ್ಳಾಯಿತು. ಭೂಮಿಯ ಜೊತೆಗೇ ಸುತ್ತುತ್ತ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹವು ಸಮಭಾಜಕ ವೃತ್ತದ ಮೇಲಿದ್ದು, ನಮ್ಮ ರೇಖಾಂಶಕ್ಕೆ ಹತ್ತಿರವಿದ್ದರೆ, ಇಲ್ಲಿಂದ ದಕ್ಷಿಣಕ್ಕೆ ಸುಮಾರು 70 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಡಿಶ್ ಬಹುಪಾಲು ಮೇಲಕ್ಕೇ ನೋಡುತ್ತದೆ.

ನಿಜವಾದ ತೊಡಕು ದೂರದ್ದು. ಉಪಗ್ರಹ 35,786 ಕಿ.ಮೀ. ಮೇಲಿರುವುದರಿಂದ ಕೋರಿಕೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ವೇಗ ಕೂಡಲಿ ಎಂದು ಎರಡೂ ಸಂಪರ್ಕಗಳಲ್ಲಿ ಒಟ್ಟಿಗೆ ಡೇಟಾ ಹರಿಯಬಿಟ್ಟೆ. 4ಜಿಯಲ್ಲಿ ಬೇಗ ಬಂದ ತುಣುಕುಗಳು ಉಪಗ್ರಹದ ತುಣುಕುಗಳಿಗಾಗಿ ಕಾಯಬೇಕಾಗಿ, ಇದ್ದ ವೇಗವೂ ಇಳಿಯಿತು. ಒಂದು ಕಡಿದಾಗ ಇನ್ನೊಂದಕ್ಕೆ ಜಿಗಿಯುವಂತೆ ಮಾಡಿದರೆ, ಹೊರಗೆ ಕಾಣುವ ಐಪಿ ವಿಳಾಸ (ನೆಟ್‌ನಲ್ಲಿ ನಮ್ಮ ಸಂಪರ್ಕದ ಗುರುತಿನ ಸಂಖ್ಯೆ) ಬದಲಾಗಿ ಪೋರ್ಟಲ್‌ಗಳು ನಡುವೆಯೇ ಲಾಗೌಟ್ ಆಗುತ್ತಿದ್ದವು. ಕೊನೆಗೆ ಒಪ್ಪಿದ್ದು ಕೆಲಸ ಹಂಚುವ ಕ್ರಮ: ಹಣ ಪಾವತಿ, ಒಟಿಪಿ, ವಿಡಿಯೊ ಕರೆ 4ಜಿಗೆ, ದೊಡ್ಡ ಫೈಲು, ಅಪ್‌ಡೇಟುಗಳು ಉಪಗ್ರಹಕ್ಕೆ. ಯಾವುದಾದರೂ ಪೂರ್ತಿ ನಿಂತರೆ ಮಾತ್ರ ಇನ್ನೊಂದು ಎಲ್ಲವನ್ನೂ ಹೊರುತ್ತದೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಮರ ಬಿದ್ದು ಟವರಿನ ಕೇಬಲ್ ತುಂಡಾದಾಗಲೂ ಸಿಗ್ನಲ್ ಕಡ್ಡಿಗಳು ತುಂಬಿಯೇ ಕಾಣುತ್ತವೆ. ಆದ್ದರಿಂದ ರೂಟರ್ ಸಿಗ್ನಲನ್ನಲ್ಲ, ಹೊರಗಿನ ಸರ್ವರ್‌ನಿಂದ ಉತ್ತರ ಬರುತ್ತಿದೆಯೇ ಎಂಬುದನ್ನು ಪರೀಕ್ಷಿಸುವಂತೆ ಹೊಂದಿಸಬೇಕು. ಹೊಂದಿಸಲು ಬಂದವರು ಇದನ್ನು ಮಾಡಿರಲಿಲ್ಲ, ನಾನೇ ಕಲಿತು ಮಾಡಿಕೊಂಡೆ.

ಆಷಾಢದ ಜಡಿಮಳೆಗೆ ಡಿಶ್ ಬಳಸುವ ಕೆಯು ಬ್ಯಾಂಡ್ ಎಂಬ ರೇಡಿಯೊ ತರಂಗಗಳ ಸಂಕೇತ ಸೊರಗುತ್ತದೆ, ಆದರೆ ಮಳೆಯ ರಭಸ ಇಳಿದೊಡನೆ ಮರಳುತ್ತದೆ. ಟವರು ಹಾಗಲ್ಲ, ಕರೆಂಟ್ ಹೋಗಿ ಬ್ಯಾಟರಿ ಮುಗಿದರೆ ಗಂಟೆಗಟ್ಟಲೆ ಸತ್ತಿರುತ್ತದೆ. ಎರಡರ ಕಷ್ಟಗಳು ಒಂದೇ ಹೊತ್ತಿಗೆ ಬರುವುದು ಅಪರೂಪವಾದ್ದರಿಂದಲೇ ಈ ಜೋಡಿ ನಮಗೆ ಬೆಲೆಬಾಳುತ್ತದೆ. ತಿಂಗಳ ಖರ್ಚು ಮಾತ್ರ ಸಣ್ಣ ಕೇಂದ್ರಕ್ಕೆ ಭಾರವೇ.

ಸುಮಾರು 550 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸೇವೆ ನಮ್ಮೂರಿಗೆ ದೊರೆತರೆ ವಿಳಂಬ ಬಹುಮಟ್ಟಿಗೆ ನೀಗೀತು. ಮಳೆಯ ತೊಂದರೆ ಅಲ್ಲಿಯೂ ಇರುವುದರಿಂದ ಆಗಲೂ ಸಿಮ್ಮನ್ನು ನಾನು ತೆಗೆಯುವುದಿಲ್ಲ.