ಮೊದಲ ಕಾಲುವೆಯಾನಕ್ಕೆ ಯಾವುದು: ಲ್ಯಾಂಗೋಲೆನ್ ಕಾಲುವೆಯೋ, ಕನಾಲ್ ದ್ಯು ಮಿದಿಯೋ?

ದೋಣಿ ನಡೆಸಿ ಗೊತ್ತಿಲ್ಲದವರೂ ಬಾಡಿಗೆ ದೋಣಿ ಪಡೆದು, ಅದರಲ್ಲೇ ಉಂಡು ಮಲಗಿ, ತಾವೇ ಚುಕ್ಕಾಣಿ ಹಿಡಿದು ಸಾಗಬಹುದಾದ ಕಾಲುವೆಗಳ ಪೈಕಿ ವೇಲ್ಸ್ ಗಡಿಯ ಲ್ಯಾಂಗೋಲೆನ್ ಮತ್ತು ದಕ್ಷಿಣ ಫ್ರಾನ್ಸಿನ ಕನಾಲ್ ದ್ಯು ಮಿದಿ ಹೆಸರಾದವು. ಬಾಡಿಗೆ ದೋಣಿಗೆ ಎರಡೂ ಕಡೆ ಮೊದಲೇ ಪಡೆದ ಪರವಾನಗಿ ಬೇಕಿಲ್ಲ. ಹೊರಡುವ ಮುನ್ನ ಸಿಬ್ಬಂದಿ ತೋರಿಸಿಕೊಡುವುದಷ್ಟೇ ತರಬೇತಿ. ಎರಡರಲ್ಲೂ ಸಾಗಿ ಬಂದ ಮೇಲೆ ನನಗೆ ಅನ್ನಿಸಿರುವುದೇನೆಂದರೆ, ಹೊಸಬರು ಆಯ್ಕೆ ಮಾಡಬೇಕಾದದ್ದು ದೃಶ್ಯವನ್ನು ನೋಡಿ ಅಲ್ಲ, ದೋಣಿ ಹೇಗೆ ತಿರುಗುತ್ತದೆ, ಲಾಕ್‌ಗಳನ್ನು (ಎರಡು ಬಾಗಿಲುಗಳ ನಡುವೆ ನೀರನ್ನು ಏರಿಸಿ ಇಳಿಸಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ಕಟ್ಟೆಗಳನ್ನು) ಯಾರು ನಡೆಸುತ್ತಾರೆ ಎಂಬುದನ್ನು ನೋಡಿ.

ಲ್ಯಾಂಗೋಲೆನ್‌ನಲ್ಲಿ ಸಿಗುವುದು ನ್ಯಾರೋಬೋಟ್: ಅಗಲ ಸುಮಾರು 2.1 ಮೀಟರ್, ಉದ್ದ ಕೆಲವೊಮ್ಮೆ 20 ಮೀಟರ್ ದಾಟುವ ಉಕ್ಕಿನ ದೋಣಿ. ಹಿಂತುದಿಯಲ್ಲಿ ನಿಂತು ಟಿಲ್ಲರ್ ಎಂಬ ಚುಕ್ಕಾಣಿಯ ಹಿಡಿಕೋಲನ್ನು ಹಿಡಿಯಬೇಕು. ಅದನ್ನು ಬಲಕ್ಕೆ ತಳ್ಳಿದರೆ ಮೂತಿ ಎಡಕ್ಕೆ ಹೊರಳುತ್ತದೆ. ದೋಣಿ ತನ್ನ ನಡುಭಾಗವನ್ನೇ ಕೀಲಾಗಿಸಿಕೊಂಡು ತಿರುಗುವುದರಿಂದ ಮೂತಿ ಎತ್ತ ಹೋಗುತ್ತದೆಯೋ ಹಿಂಭಾಗ ಅದರ ಎದುರು ದಿಕ್ಕಿಗೆ ಬೀಸುತ್ತದೆ. ಎಂಜಿನ್ ನೀರನ್ನು ಚುಕ್ಕಾಣಿಯ ಮೇಲೆ ಹಾಯಿಸದಿದ್ದರೆ ತಿರುವು ಬಾರದು; ಹಿಮ್ಮುಖ ಕೊಟ್ಟಾಗಲಂತೂ ಟಿಲ್ಲರ್ ಮಾತು ಕೇಳುವುದೇ ಇಲ್ಲ. ಇಷ್ಟು ಕೈಗೆ ಹತ್ತಿದರೆ ಉಳಿದದ್ದು ಸಲೀಸು, ಏಕೆಂದರೆ ಗರಿಷ್ಠ ವೇಗ ಗಂಟೆಗೆ 4 ಮೈಲಿ, ಅಂದರೆ ಬಿರುಸು ನಡಿಗೆಯಷ್ಟೇ. ದಡಕ್ಕೆ ಅಲೆ ಒಡೆಯುತ್ತಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ.

ಮಿದಿಯ ದೋಣಿ ಇದಕ್ಕೆ ಪೂರ್ತಿ ಬೇರೆ. ಅಗಲವಾದ, ಹಗುರವಾದ ಫೈಬರ್ ದೋಣಿಗೆ ಕಾರಿನಂತೆ ಸ್ಟಿಯರಿಂಗ್ ಚಕ್ರವಿರುವುದರಿಂದ ಸುಲಭವೆನಿಸುತ್ತದೆ. ಆದರೆ ಚಕ್ರ ತಿರುಗಿಸಿ ಸ್ವಲ್ಪ ಹೊತ್ತಾದ ಮೇಲೆ ದೋಣಿ ತಿರುಗುತ್ತದೆ, ತಿರುಗಿದ್ದು ಬೇಗ ನಿಲ್ಲುವುದಿಲ್ಲ. ಗಾಳಿ ಬೀಸಿದರೆ ಒಡಲು ಅಡ್ಡಕ್ಕೆ ಜಾರುತ್ತದೆ. ಬಯಲುಸೀಮೆಯಲ್ಲಿ ಗಾಳಿ ಬಲವಾಗಿದ್ದಾಗ ನ್ಯಾರೋಬೋಟಿನ ಭಾರವೇ ಎಷ್ಟು ದೊಡ್ಡ ಅನುಕೂಲವೆಂಬುದು ತಿಳಿಯುತ್ತದೆ.

ಲಾಕ್‌ಗಳ ಮಾತಿಗೆ ಬಂದರೆ ಅನುಕೂಲ ಮಿದಿಯ ಕಡೆಗಿದೆ. ನಾವು ದಾಟಿದಲ್ಲೆಲ್ಲ ಬಾಗಿಲು ತೆರೆಯುವ, ನೀರು ಬಿಡುವ ಕೆಲಸ ಅಲ್ಲಿನ ಸಿಬ್ಬಂದಿಯದ್ದು. ನಮ್ಮದು ಹಗ್ಗವನ್ನು ಗೂಟಕ್ಕೆ ಸುತ್ತಿ, ಗಂಟು ಹಾಕದೆ, ನೀರಿನ ಮಟ್ಟಕ್ಕೆ ತಕ್ಕಂತೆ ಎಳೆಯುವ ಇಲ್ಲವೇ ಸಡಿಲಿಸುವ ಕೆಲಸ ಮಾತ್ರ. 17ನೇ ಶತಮಾನದಲ್ಲಿ ಪಿಯೆರ್ ಪಾಲ್ ರಿಕೆ ಕಟ್ಟಿಸಿದ ಈ ಲಾಕ್‌ಗಳ ಗೋಡೆ ಅಂಡಾಕಾರದಲ್ಲಿ ಬಾಗಿರುವುದರಿಂದ ದೋಣಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸುವುದಕ್ಕೂ ಅಭ್ಯಾಸ ಬೇಕು. ಊಟದ ಹೊತ್ತಿಗೆ ಲಾಕ್ ಮುಚ್ಚುತ್ತದೆ. ಆ ಮೊದಲೇ ತಲುಪದಿದ್ದರೆ ಕಾಯಬೇಕು.

ಲ್ಯಾಂಗೋಲೆನ್‌ನಲ್ಲಿ, ಗ್ರಿಂಡ್ಲಿ ಬ್ರೂಕ್‌ನ ಮೆಟ್ಟಿಲಿನಂತೆ ಒಂದರ ಮೇಲೊಂದು ಅಂಟಿಕೊಂಡಿರುವ ಲಾಕ್‌ನಂಥ ಕಡೆ ಸಿಬ್ಬಂದಿ ಇರುವುದನ್ನು ಬಿಟ್ಟರೆ, ವಿಂಡ್‌ಲಾಸ್ ಎಂಬ ತಿರುಗುಹಿಡಿಯಿಂದ ತೂಬನ್ನು ಎತ್ತುವುದೂ ಬಾಗಿಲ ತೊಲೆಗೆ ಬೆನ್ನು ಕೊಟ್ಟು ನೂಕುವುದೂ ನಮ್ಮದೇ ಕೆಲಸ. ನೀರು ಎರಡೂ ಕಡೆ ಸಮವಾಗುವ ತನಕ ಎಷ್ಟು ನೂಕಿದರೂ ಬಾಗಿಲು ಅಲುಗದು. ಸಮವಾದ ಕ್ಷಣ ಮೆಲ್ಲಗೆ ಸರಿಯುತ್ತದೆ. ಇಳಿಯುವಾಗ ಗೋಡೆಯ ಮೇಲಿನ ಬಿಳಿ ಗೆರೆಯ ಮುಂದೆಯೇ ದೋಣಿಯ ಹಿಂತುದಿ ಇರಬೇಕು. ಅದರ ಹಿಂದೆ, ಮೇಲಿನ ಬಾಗಿಲ ಬುಡದಲ್ಲಿ, ಸಿಲ್ ಎಂಬ ಕಲ್ಲಿನ ಕಟ್ಟೆ ನೀರಿನಲ್ಲಿ ಅಡಗಿದ್ದು, ಹಿಂಭಾಗ ಅದರ ಮೇಲೆ ಕೂತುಬಿಟ್ಟರೆ ಮೂತಿ ಕೆಳಗಿಳಿದು ದೋಣಿಯೇ ಮುಳುಗಬಹುದು. ಈ ಒಂದು ಎಚ್ಚರಿಕೆಯನ್ನು ದೋಣಿಯಲ್ಲಿರುವವರೆಲ್ಲ, ಮಕ್ಕಳೂ ಸೇರಿ, ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು.

ದೃಶ್ಯಕ್ಕೆ ಎರಡೂ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಸ್ಥಾನ ಪಡೆದ ಜಾಗಗಳೇ. ಲ್ಯಾಂಗೋಲೆನ್ ದಾರಿಯಲ್ಲಿ 1805ರಲ್ಲಿ ತೆರೆದ, ಕಾಲುವೆಯನ್ನೇ ಕಣಿವೆಯ ಮೇಲೆ ಸೇತುವೆಯಂತೆ ಹಾಯಿಸುವ ಪಾಂಟ್‌ಕಸಲ್ತೆ ಮೇಲ್ಗಾಲುವೆಯಲ್ಲಿ ಎರಕದ ಕಬ್ಬಿಣದ ತೊಟ್ಟಿಯೊಳಗೆ ದೋಣಿ ಸಾಗುತ್ತದೆ. ಒಂದು ಬದಿ ಕಟಕಟೆಯಿರುವ ಕಾಲುದಾರಿ, ಇನ್ನೊಂದು ಬದಿ ತೊಟ್ಟಿಯ ಅಂಚಿನಾಚೆ ಏನೂ ಇಲ್ಲ, ಸುಮಾರು 38 ಮೀಟರ್ ಕೆಳಗೆ ಡೀ ನದಿ. ಮಿದಿಯಲ್ಲಿ ರೋಗ ತಗುಲಿ ಸಾವಿರಾರು ಪ್ಲೇನ್ ಮರಗಳನ್ನು ಕಡಿದಿದ್ದು, ಚಿತ್ರಗಳಲ್ಲಿ ಕಾಣುವ ನೆರಳು ಎಲ್ಲೆಡೆ ಸಿಗುವುದಿಲ್ಲ.

ಇಬ್ಬರೇ ಹೋಗುವುದಾದರೆ, ಅದರಲ್ಲೂ ಭಾರ ನೂಕಲು ಆಗದವರಾದರೆ, ಮಿದಿಯಲ್ಲಿ ಬೆಝಿಯೇ ಪಟ್ಟಣದ ಬಳಿಯ ಫೋನ್ಸೆರಾನ್‌ನಿಂದ ಪಶ್ಚಿಮಕ್ಕೆ 54 ಕಿಲೋಮೀಟರ್ ಒಂದೂ ಲಾಕ್ ಇಲ್ಲದ ಹರವು ಇದೆ. ಗಾಳಿಯಿಲ್ಲದ ದಿನ ಅದಕ್ಕಿಂತ ನಿರಾಳ ಆರಂಭ ಬೇರೊಂದಿಲ್ಲ. ಆದರೆ ಮೂರ್ನಾಲ್ಕು ಜನರಿದ್ದು ದೋಣಿ ನಡೆಸುವುದನ್ನು ನಿಜವಾಗಿ ಕಲಿಯಬೇಕೆಂದಿದ್ದರೆ ನಾನು ನಿಸ್ಸಂಶಯವಾಗಿ ಲ್ಯಾಂಗೋಲೆನ್ ಎನ್ನುತ್ತೇನೆ. ಚರ್ಕ್‌ನಿಂದ ಹೊರಟರೆ ಲ್ಯಾಂಗೋಲೆನ್ ಪಟ್ಟಣದವರೆಗೆ ಲಾಕ್‌ಗಳಿಲ್ಲ. ಹರಿವು ಎದುರಾಗಿರುವುದರಿಂದ ಹೋಗುವಾಗ ಹೆಚ್ಚು ಸಮಯ ಇಟ್ಟುಕೊಳ್ಳಿ, ಪಟ್ಟಣದ ಹತ್ತಿರದ ಇಕ್ಕಟ್ಟಿನಲ್ಲಿ ಎದುರು ದೋಣಿ ಬರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಲು ಒಬ್ಬರನ್ನು ದಡದ ಮೇಲೆ ಮುಂದೆ ಕಳುಹಿಸಿ. ಟಿಲ್ಲರ್ ಪಳಗಿದ ಮೇಲೆ ಹಿಂದಿರುಗಿ, ಚರ್ಕ್ ದಾಟಿ ನ್ಯೂ ಮಾರ್ಟನ್‌ನ ಎರಡು ಲಾಕ್‌ಗಳಲ್ಲಿ ವಿಂಡ್‌ಲಾಸ್ ಹಿಡಿಯಬಹುದು.