ಮೈ ಕಡಿತಕ್ಕೆ ಕ್ರೀಮು ಹಚ್ಚುವ ಮೊದಲು ಬನಿಯನ್ ತಿರುವಿ ನೋಡಿ

ಹೋದ ಜನವರಿಯಲ್ಲಿ ರಸ್ತೆ ಕೆಲಸದ ಸೂಪರ್‌ವೈಸರ್ ಆಗಿ ಬೀದರ್ ಕಡೆ ಹೋಗಿದ್ದೆ. 14 ಜನಕ್ಕೆ ಒಂದೇ ತಗಡಿನ ಶೆಡ್ಡು. ನೀರಿನ ಟ್ಯಾಂಕರ್ ಮೂರು ದಿನಕ್ಕೊಮ್ಮೆ. ನೀರಿದ್ದರೂ ಆ ಚಳಿಗೆ ಸ್ನಾನ ಯಾರಿಗೆ ಬೇಕಿತ್ತು ಅನ್ನಿ. ನನ್ನ ರಗ್ಗು ತೆಳು. ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ದಪ್ಪ ರಗ್ಗು ಯಾರದ್ದೋ, ಎಳೆದು ಹೊದ್ದುಕೊಂಡೆ. ಹಗಲೂ ರಾತ್ರಿ ಅದೇ ಬನಿಯನ್, ಅದೇ ಸ್ವೆಟರ್.

ಎರಡನೇ ವಾರಕ್ಕೆ ಸೊಂಟದ ಸುತ್ತ, ಕಂಕುಳ ಹತ್ತಿರ ಕಡಿತ ಶುರುವಾಯಿತು. ಚರ್ಮ ಒಣಗಿದೆ ಅಂತ ಕೊಬ್ಬರಿ ಎಣ್ಣೆ ಸವರಿದೆ. ಮೆಡಿಕಲ್ ಶಾಪಿನವನು ಕಜ್ಜಿ ಅಂದ, ಕ್ರೀಮು ಕೊಟ್ಟ. ಹಚ್ಚಿಕೊಂಡು ಮತ್ತೆ ಅದೇ ಬನಿಯನ್ ಹಾಕುತ್ತಿದ್ದೆ! ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಮಲಗುತ್ತಿದ್ದ ಇಬ್ಬರೂ ಕೆರೆದುಕೊಳ್ಳುತ್ತಿದ್ದರು.

ಫೋನಿನಲ್ಲಿ ಅಜ್ಜಿ ಕೇಳಿದ್ದು ಒಂದೇ ಮಾತು: "ಬನೀನು ತಿರುವಿ ನೋಡಿದ್ಯೇನೋ? ತಲೇಲಿ ಇರೋದು ಹೇನು, ಬಟ್ಟೇಲಿ ಇರೋದು ಕೂರೆ."

ಬಿಸಿಲಿಗೆ ತಂದು ತಿರುವಿದೆ. ಪಕ್ಕದ ಹೊಲಿಗೆಯ ಉದ್ದಕ್ಕೂ ಬಿಳಿ ಸೀರು, ದಾರಕ್ಕೆ ದಾರವೇ ಅಂಟಿದ ಹಾಗೆ. ಮಡಿಕೆ ಬಿಡಿಸಿದರೆ ಎಳ್ಳುಕಾಳಿನಷ್ಟು ದೊಡ್ಡವು ಮೆಲ್ಲಗೆ ಹರಿಯುತ್ತಿವೆ. ಒಂದನ್ನು ಉಗುರಿನ ಮೇಲಿಟ್ಟು ಒತ್ತಿದೆ. ಚಟ್ ಅಂತು, ರಕ್ತ. ನನ್ನದೇ ರಕ್ತ ಅಲ್ವಾ!

ಕೂರೆ ವಾಸ ಮಾಡುವುದು, ಸೀರು ಇಡುವುದು ಬಟ್ಟೆಯ ಹೊಲಿಗೆಯಲ್ಲಿ. ಮೈಗೆ ಬರುವುದು ರಕ್ತ ಹೀರೋಕೆ ಮಾತ್ರ. ಅದಕ್ಕೇ ಮೈ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಸೀರು ಒಡೆಯೋಕೆ ಒಂದೆರಡು ವಾರ ಬೇಕು, ಮೈ ಸಿಗದಿದ್ದರೆ ದೊಡ್ಡ ಕೂರೆ ಸುಮಾರು ಒಂದು ವಾರದಲ್ಲಿ ಸಾಯುತ್ತದೆ. ಅಂದರೆ ದಿನಾ ಬಟ್ಟೆ ಬದಲಾಯಿಸಿ ಒಗೆಯುವವರ ಹತ್ತಿರ ಅದು ಬಾಳುವುದಿಲ್ಲ. ನಮ್ಮಂಥ ಶೆಡ್ಡು ಅದಕ್ಕೆ ಸ್ವರ್ಗ. ನಾಯಿ ಬೆಕ್ಕಿನಿಂದ ಬರುತ್ತದೆ ಅನ್ನುವುದು ಸುಳ್ಳು, ಇದು ಮನುಷ್ಯರಿಂದಲೇ ಮನುಷ್ಯರಿಗೆ.

ಬರೀ ಕಡಿತ ಅಂತ ಸುಮ್ನೆ ಇರಬೇಡಿ. ಟೈಫಸ್ ಜ್ವರ (ಟೈಫಾಯ್ಡ್ ಬೇರೆ) ಕೂರೆಯಿಂದ ಹರಡುತ್ತದೆ ಅಂತ 1909ರಲ್ಲಿ ಉತ್ತರ ಆಫ್ರಿಕಾದ ಟ್ಯೂನಿಸ್‌ನಲ್ಲಿ ಫ್ರೆಂಚ್ ಡಾಕ್ಟರ್ ಶಾರ್ಲ್ ನಿಕೋಲ್ ತೋರಿಸಿಕೊಟ್ಟರು. ರೋಗಿಗಳ ಬಟ್ಟೆ ತೆಗೆಸಿ, ಸ್ನಾನ ಮಾಡಿಸಿ ಒಳಗೆ ಬಿಟ್ಟರೆ ವಾರ್ಡಿನಲ್ಲಿ ರೋಗ ಅಂಟುತ್ತಿರಲಿಲ್ಲ. ಅವರಿಗೆ ಸುಳಿವು ಸಿಕ್ಕಿದ್ದೇ ಅಲ್ಲಿ. ಮೈ ಕಡಿತದ ಜೊತೆ ಜ್ವರ, ತಲೆನೋವು ಬಂದರೆ ಡಾಕ್ಟರಿಗೆ ಕೂರೆ ವಿಷಯ ಮುಚ್ಚಿಡದೆ ಹೇಳಿ.

ನಾವು ಮಾಡಿದ್ದು ಇಷ್ಟು. ಹಂಡೆಯಲ್ಲಿ ನೀರು ಕಾಯಿಸಿ ಎಲ್ಲರ ಬಟ್ಟೆ ಕುದಿಸಿದೆವು, ಪ್ಯಾಂಟಿನ ಹೊಲಿಗೆಗೆ ಬಿಸಿ ಇಸ್ತ್ರಿ ಒತ್ತಿದೆವು. ಕುದಿಸಲಾಗದ ಸ್ವೆಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಬಿಟ್ಟೆವು. ಸೋಪು ಹಚ್ಚಿ ಸ್ನಾನ, ಮೇಲೆ ಒಗೆದ ಬಟ್ಟೆ. ನಮ್ಮ ಮೈಗೆ ಬೇರೆ ಔಷಧಿ ಬೇಕಾಗಲಿಲ್ಲ.

ರಗ್ಗನ್ನೂ ಕುದಿಸೋಣ ಅಂದರೆ ಮೇಸ್ತ್ರಿ ಒಪ್ಪಲಿಲ್ಲ, "ಬಿಸಿಲಿಗೆ ಹಾಕ್ರಿ, ಸಾಕು" ಅಂದ. ನಾನು ಬಿಟ್ಟು ಬರುವ ದಿನ ಹೊಸ ಹುಡುಗನೊಬ್ಬ ಅದನ್ನೇ ಹೊದ್ದು ಮಲಗಿದ್ದ. ಎಬ್ಬಿಸಿ ಹೇಳಿ ಬಂದೆ.